ಬಿಸಿಲ ಬೀದಿಗೆ ನೆರಳು: ಅಕ್ಕಪಕ್ಕದವರನ್ನು ಸೇರಿಸಿಕೊಂಡು ಮರ ಬೆಳೆಸುವುದು ಹೇಗೆ?

ನಮ್ಮ ಬೀದಿಯಲ್ಲಿ ಮೊದಲ ಸಲ ಗಿಡ ನೆಟ್ಟಿದ್ದು ಒಂದು ಜೂನ್ 5ರಂದು, ಪರಿಸರ ದಿನ. ಒಟ್ಟು 24 ಸಸಿ. ಶಾಮಿಯಾನ ಹಾಕಿಸಿದೆವು, ಖಾರಾಬಾತ್ ಕೇಸರಿಬಾತ್ ಮಾಡಿಸಿದೆವು, ಎಲ್ಲರೂ ಫೋಟೊ ತೆಗೆಸಿಕೊಂಡೆವು. ಮುಂದಿನ ಏಪ್ರಿಲ್‌ನಲ್ಲಿ ಎಣಿಸಿದರೆ ಉಳಿದಿದ್ದು ಐದು. ಆ ಐದು ಎಲ್ಲಿದ್ದವು ಗೊತ್ತಾ? ಒಂದು ಇಸ್ತ್ರಿ ಗಾಡಿಯ ಪಕ್ಕ. ಒಂದು ಹೂವಿನ ಅಜ್ಜಿ ಕೂರುವ ಮೂಲೆಯಲ್ಲಿ. ಇನ್ನು ಮೂರು, ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಮನೆಗಳ ಎದುರು.

ಉಳಿದ 19 ಗಿಡಗಳಿಗೂ ಮಣ್ಣು ಅದೇ, ಬಿಸಿಲೂ ಅದೇ. ಅವುಗಳ ಹತ್ತಿರ ದಿನಾ ನಿಲ್ಲುವ ಮನುಷ್ಯರು ಮಾತ್ರ ಇರಲಿಲ್ಲ. ಅವತ್ತಿನಿಂದ ನಾವು ಕೆಲಸದ ಕ್ರಮವನ್ನೇ ತಿರುಗಿಸಿದೆವು. ಮೊದಲು ಮನೆ, ಆಮೇಲೆ ಗುಂಡಿ, ಕೊನೆಗೆ ಸಸಿ. ಈ ಬರಹವೂ ಅದೇ ಕ್ರಮದಲ್ಲಿ ಇದೆ.

ಬೀದಿ ಯಾಕೆ ಇಷ್ಟು ಕಾಯುತ್ತದೆ?

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ ದಾಖಲಾಯಿತು. ಆದರೆ ಇದು ಹವಾಮಾನ ಇಲಾಖೆಯ ಲೆಕ್ಕ. ನಿಮ್ಮ ಬೀದಿಯ ಲೆಕ್ಕ ಬೇರೆ. ಡಾಂಬರು, ಕಾಂಕ್ರೀಟು, ಶೀಟಿನ ಛಾವಣಿ ಇವೆಲ್ಲ ಹಗಲು ಬಿಸಿಲು ಕುಡಿದು ರಾತ್ರಿ ಹೊರಗೆ ಬಿಡುತ್ತವೆ. ಅದಕ್ಕೇ ರಾತ್ರಿ ಹತ್ತಕ್ಕೂ ಮಹಡಿ ಮನೆಯ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಮರ ಇಲ್ಲಿ ಎರಡು ಕೆಲಸ ಮಾಡುತ್ತದೆ. ಬಿಸಿಲು ನೆಲಕ್ಕೆ ಬೀಳದಂತೆ ತಡೆಯುತ್ತದೆ. ಜೊತೆಗೆ ಬೇರಿನಿಂದ ಎಳೆದ ನೀರನ್ನು ಎಲೆಗಳಿಂದ ಆವಿಯಾಗಿ ಬಿಟ್ಟು ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತದೆ.

ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಇದನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಮರ ಇರುವ ಭಾಗಕ್ಕೂ ಇಲ್ಲದ ಭಾಗಕ್ಕೂ ಮಧ್ಯಾಹ್ನದ ಗಾಳಿಯಲ್ಲಿ 5.6 ಡಿಗ್ರಿವರೆಗೆ ವ್ಯತ್ಯಾಸ. ಡಾಂಬರಿನ ಮೇಲ್ಮೈಯಲ್ಲಿ 27.5 ಡಿಗ್ರಿವರೆಗೆ! ಜನರ ಹತ್ತಿರ ಮಾತಾಡುವಾಗ ಈ ಎರಡು ಸಂಖ್ಯೆ ನೆನಪಿರಲಿ. ತುಂಬಾ ಕೆಲಸಕ್ಕೆ ಬರುತ್ತವೆ.

ಹೆಜ್ಜೆ 1: ಏಪ್ರಿಲ್ ಮಧ್ಯಾಹ್ನ ಬೀದಿ ಸುತ್ತಿ

ಗಿಡ ನೆಡುವುದು ಮಳೆಗಾಲದಲ್ಲಿ. ಆದರೆ ಕೆಲಸ ಶುರುವಾಗಬೇಕಾದ್ದು ಬೇಸಗೆಯಲ್ಲಿ. ಒಂದು ಭಾನುವಾರ ಮಧ್ಯಾಹ್ನ ಎರಡೂವರೆಗೆ ಮೂರ್ನಾಲ್ಕು ಜನ ಹೊರಡಿ, ಮಕ್ಕಳನ್ನೂ ಕರೆದುಕೊಳ್ಳಿ. ಹಳೇ ಗೋಡೆ ಕ್ಯಾಲೆಂಡರಿನ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬೀದಿಯ ನಕ್ಷೆ ಬರೆಯಿರಿ. ಮನೆ ನಂಬರು, ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್, ಮ್ಯಾನ್‌ಹೋಲ್, ಗೇಟು, ಅಂಗಡಿ ಎಲ್ಲ ಗುರುತು ಹಾಕಿ. ಕೊರೊನಾ ಕಾಲದ ಟೆಂಪರೇಚರ್ ಗನ್ ನೆಲದ ಬಿಸಿಗೆ ಆಗುವುದಿಲ್ಲ. ಅದು ಮೈ ಬಿಸಿ ನೋಡಲು ಮಾಡಿದ್ದು. ಕಾರ್ಖಾನೆಗಳಲ್ಲಿ ಬಳಸುವ ಗನ್ ಯಾರಾದರೂ ಮೆಕ್ಯಾನಿಕ್ ಹತ್ತಿರ ಇದ್ದರೆ ಒಂದು ಗಂಟೆ ಕೇಳಿ ಪಡೆಯಿರಿ. ಬಿಸಿಲಲ್ಲಿರುವ ಡಾಂಬರು, ನೆರಳಲ್ಲಿರುವ ಡಾಂಬರು ಎರಡನ್ನೂ ಅಳೆದು ಬರೆದಿಡಿ.

ಗನ್ ಸಿಗದಿದ್ದರೂ ಪರವಾಗಿಲ್ಲ. ಬೀದಿನಾಯಿಗಳು ಎಲ್ಲಿ ಮಲಗಿವೆ ನೋಡಿ. ತರಕಾರಿ ಗಾಡಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ ನೋಡಿ. ಶಾಲೆ ವ್ಯಾನಿಗೆ ಕಾಯುವ ತಾಯಂದಿರು ಯಾವ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾರೆ? ನಮ್ಮ ನಕ್ಷೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಗುರುತುಗಳು ಇವೇ.

ಬಿಸಿಲಿನ ದಿಕ್ಕನ್ನೂ ಗಮನಿಸಿ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆ ಕ್ಷಣ ನೆರಳೇ ಇರುವುದಿಲ್ಲ. ಹಾಗಾಗಿ ಆ ಹೊತ್ತಿಗೆ ಗೋಡೆಯ ನೆರಳು ಸಿಗುವುದಿಲ್ಲ, ತಲೆಯ ಮೇಲೆ ಹರಡಿದ ಕೊಂಬೆಯೇ ಬೇಕು. ಮಧ್ಯಾಹ್ನದ ಮೇಲೆ ಪಡುವಣ ಬಿಸಿಲು ಶುರು. ಆ ಬಿಸಿಲಿಗೆ ಮುಖ ಮಾಡಿದ ಮನೆಗಳು ಸಂಜೆ ಒಲೆಯ ಹಾಗೆ ಕಾದಿರುತ್ತವೆ. ನಕ್ಷೆಯಲ್ಲಿ ಆ ಮನೆಗಳಿಗೆ ಕೆಂಪು ಗುರುತು ಹಾಕಿ. ಮೊದಲ ಸಸಿಗಳು ಅವುಗಳ ಮುಂದೆ ಹೋಗಲಿ.

ಹೆಜ್ಜೆ 2: ಮನೆ ಮನೆಗೆ ಹೋಗಿ ಮಾತಾಡಿ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಹಿಡಿಯುವುದು, ಹಿಡಿಯಬೇಕಾದ್ದು ಇದಕ್ಕೇ. ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಹಾಕಿದರೆ 40 ಹೆಬ್ಬೆಟ್ಟು ಬರುತ್ತವೆ. ಆದರೆ ನೀರು ಹಾಕುವ ಕೈ ಬರುವುದು ಬಾಗಿಲಲ್ಲಿ ನಿಂತು ಮಾತಾಡಿದಾಗ ಮಾತ್ರ. ಸಂಜೆ ಆರರ ನಂತರ ಅಥವಾ ಭಾನುವಾರ ಬೆಳಿಗ್ಗೆ ಹೋಗಿ. ಇಬ್ಬರು ಹೋಗಿ, ಒಬ್ಬರು ಆ ಬೀದಿಯಲ್ಲಿ ತುಂಬಾ ವರ್ಷದಿಂದ ಇರುವವರಾಗಿರಲಿ.

ಕೇಳಬೇಕಾದ್ದು ಇಷ್ಟೇ: "ನಿಮ್ಮ ಮನೆ ಮುಂದೆ ಒಂದು ಮರ ಬೇಕಾ? ಬೇಕಾದರೆ ಎರಡು ಬೇಸಗೆ ನೀರು ಹಾಕ್ತೀರಾ?" ಬೇಡ ಅಂದರೆ ಒತ್ತಾಯ ಮಾಡಬೇಡಿ. ಬೇಡದ ಮನೆಯ ಮುಂದೆ ನೆಟ್ಟ ಗಿಡ ಆರು ತಿಂಗಳಲ್ಲಿ ಹೇಗೋ ಒಣಗುತ್ತದೆ. ನಮ್ಮಲ್ಲಿ ಒಂದಕ್ಕೆ ಯಾರೋ ಬಿಸಿನೀರು ಸುರಿದಿದ್ದರು.

ಜನ ಹೇಳುವ ತಕರಾರುಗಳು ಹೆಚ್ಚುಕಡಿಮೆ ಎಲ್ಲ ಬೀದಿಯಲ್ಲೂ ಒಂದೇ. ಒಂದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

"ಎಲೆ ಗುಡಿಸೋರು ಯಾರಪ್ಪಾ?" ಇದು ನಿಜವಾದ ಕಷ್ಟ. ಗುಡಿಸುವವರು ಮನೆಯ ಹೆಂಗಸರು, ಇಲ್ಲವೇ ಪೌರಕಾರ್ಮಿಕರು. ನಾವು ಖಾಲಿ ಸೈಟಿನ ಮಾಲೀಕರನ್ನು ಕೇಳಿ, ಮೂಲೆಯಲ್ಲಿ ಜಾಲರಿ ಸುತ್ತಿದ ಎಲೆ ತೊಟ್ಟಿ ಮಾಡಿದೆವು. ಎಲೆ ಅಲ್ಲೇ ಕೊಳೆತು ಗೊಬ್ಬರವಾಗಿ ಅದೇ ಗಿಡಗಳಿಗೆ ವಾಪಸ್ ಹೋಗುತ್ತದೆ. ಪೌರಕಾರ್ಮಿಕ ಅಕ್ಕಂದಿರ ಜೊತೆ ಮೊದಲೇ ಕೂತು ಮಾತಾಡಿ. ಹೊರೆ ಬೀಳುವುದು ಅವರ ಮೇಲೆ. ಯಾವ ಮರದ ಎಲೆ ಮೋರಿ ಕಟ್ಟುತ್ತದೆ ಅನ್ನುವುದೂ ಅವರಿಗೇ ಚೆನ್ನಾಗಿ ಗೊತ್ತು.

"ಬೇರು ಕಾಂಪೌಂಡ್ ಒಡೆಯುತ್ತೆ, ನೀರಿನ ಸಂಪ್‌ಗೆ ನುಗ್ಗುತ್ತೆ." ಅರಳಿ, ಆಲ, ಅತ್ತಿ ನೆಟ್ಟರೆ ಖಂಡಿತ ಹೌದು. ಆದ್ದರಿಂದ ಅವನ್ನು ಮನೆ ಮುಂದೆ ನೆಡುವುದಿಲ್ಲ ಅಂತ ಮೊದಲೇ ಮಾತು ಕೊಡಿ.

"ಬಾಗಿಲಿಗೆ ಎದುರು ಮರ ಇರಬಾರದು." ವಾದಕ್ಕೆ ಇಳಿಯಬೇಡಿ. ನಾಲ್ಕಡಿ ಪಕ್ಕಕ್ಕೆ ಸರಿಸಿ. ಗೇಟಿನಿಂದ ಗಾಡಿ ತೆಗೆಯಲೂ ಅದೇ ಅನುಕೂಲ.

"ಅಂಗಡಿ ಬೋರ್ಡ್ ಮುಚ್ಚಿಹೋಗುತ್ತೆ." ಎರಡು ಅಂಗಡಿಯ ನಡುವಿನ ಗಡಿಯಲ್ಲಿ ನೆಡಿ. ಗಿಡ ಎತ್ತರವಾದ ಮೇಲೆ ಕೆಳಗಿನ ಕೊಂಬೆಗಳನ್ನು ಎಂಟಡಿವರೆಗೆ ಸವರಬಹುದು ಅಂತ ತಿಳಿಸಿ. ನಮ್ಮ ಬೇಕರಿ ಅಣ್ಣ ಮೊದಲು ಒಪ್ಪಲಿಲ್ಲ. ಬಿಸಿಲಿಗೆ ಗಿರಾಕಿಗಳು ನಿಂತು ಟೀ ಕುಡಿಯಲಾಗದೆ ಹೋಗುವುದನ್ನು ನೋಡಿದ ಮೇಲೆ ಅವರೇ ಬಂದು ಎರಡು ಸಸಿ ಕೇಳಿದರು.

"ಮಳೆಗೆ ಮರ ಬಿದ್ದರೆ?" ಈ ಭಯಕ್ಕೆ ಕಾರಣ ಇದೆ. ಪ್ರತಿ ವರ್ಷ ಏಪ್ರಿಲ್, ಮೇ ಗಾಳಿಮಳೆಗೆ ಊರಲ್ಲಿ ಮರಗಳು ಉರುಳುತ್ತವೆ. ಬಹಳ ಸಲ ಚರಂಡಿಗೋ ಕೇಬಲ್‌ಗೋ ಅಗೆದು ಬೇರು ಕತ್ತರಿಸಿರುತ್ತಾರೆ, ಅಥವಾ ಬುಡದವರೆಗೆ ಕಾಂಕ್ರೀಟು ಹಾಕಿರುತ್ತಾರೆ. ಇದನ್ನು ತಡೆಯುವ ದಾರಿ ಮುಂದೆ ಬರೆದಿದ್ದೇನೆ.

ಇನ್ನು ಬಾಡಿಗೆ ಮನೆಯವರು. "ಹನ್ನೊಂದು ತಿಂಗಳ ಅಗ್ರಿಮೆಂಟು, ನಮಗ್ಯಾಕೆ?" ಅನ್ನುತ್ತಾರೆ. ಆದರೂ ಅವರನ್ನು ಬಿಡಬೇಡಿ. ಎಷ್ಟೋ ಮನೆಗಳಲ್ಲಿ ಮೇಲಿನ ಮಹಡಿಯ ಕಾವು ತಿನ್ನುವವರು ಅವರೇ. ನಮ್ಮಲ್ಲಿ ಚೆನ್ನಾಗಿ ನೀರು ಹಾಕಿದ ಮೂವರಲ್ಲಿ ಇಬ್ಬರು ಬಾಡಿಗೆಯವರು. ಅವರು ಖಾಲಿ ಮಾಡುವಾಗ ಕೀ ಜೊತೆಗೆ ಗಿಡವನ್ನೂ ಮುಂದಿನವರಿಗೆ ಒಪ್ಪಿಸಿ ಹೋದರು.

ಮನೆಗಳಷ್ಟೇ ಸಾಲದು. ಇಸ್ತ್ರಿಯವರು, ಹೂವಿನವರು, ಎಳನೀರು ಗಾಡಿ, ಆಟೊ ಸ್ಟ್ಯಾಂಡ್, ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಇವರೆಲ್ಲ ಇಡೀ ದಿನ ಬೀದಿಯಲ್ಲೇ ಇರುತ್ತಾರೆ. ನೆರಳು ಎಲ್ಲರಿಗಿಂತ ಹೆಚ್ಚು ಬೇಕಾದ್ದು ಇವರಿಗೆ. ಸಂಘದ ಸಭೆಗೆ ಇವರನ್ನು ಯಾರೂ ಕರೆಯುವುದಿಲ್ಲ. ನೀವು ಕರೆಯಿರಿ. ಜಾಗ ಗುರುತಿಸುವಾಗ ಅವರ ಮಾತು ಕೇಳಿ.

ಕೊನೆಗೆ ಪ್ರತಿ ಗಿಡಕ್ಕೂ ಇಬ್ಬರ ಹೆಸರು ಬರೆಯಿರಿ. ಯಾಕೆ ಇಬ್ಬರು? ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಅರ್ಧ ಬೀದಿ ಊರಿಗೆ ಹೋಗಿರುತ್ತದೆ. ಗಿಡ ಒಣಗುವುದೂ ಆಗಲೇ. ಊರಿಗೆ ಹೋಗುವ ಒಬ್ಬರು, ಇಲ್ಲೇ ಉಳಿಯುವ ಒಬ್ಬರು, ಹೀಗೆ ಜೋಡಿ ಮಾಡಿ. ಜೋಡಿ ಸಿಗದ ಜಾಗಕ್ಕೆ ಸಸಿ ತರಲೇಬೇಡಿ. ನಮ್ಮದು ಎರಡನೇ ಸಲ 24 ಅಲ್ಲ, 11 ಗಿಡ ಮಾತ್ರ. ಅದರಲ್ಲಿ ಹತ್ತು ಬದುಕಿವೆ.

ಹೆಜ್ಜೆ 3: ಜಾಗ, ಅನುಮತಿ

ಫುಟ್‌ಪಾತ್ ಪಾಲಿಕೆಯದ್ದು. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಅಂತ ಮೊದಲು ತಿಳಿದುಕೊಳ್ಳಿ. ಒಪ್ಪಿದ ಮನೆಗಳವರ ಸಹಿ, ಕ್ಯಾಲೆಂಡರ್ ನಕ್ಷೆಯ ಫೋಟೊ ಎರಡನ್ನೂ ಸೇರಿಸಿ ಅರಣ್ಯ ವಿಭಾಗಕ್ಕೂ ವಾರ್ಡ್ ಎಂಜಿನಿಯರ್‌ಗೂ ಮೇ ಮೊದಲ ವಾರದೊಳಗೆ ಅರ್ಜಿ ಕೊಡಿ. ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳಿ. ಮುಂದಿನ ಆರು ತಿಂಗಳಲ್ಲಿ ರಸ್ತೆ ಅಗೆಯುವ ಕೆಲಸ, ವೈಟ್ ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟು ಹಾಸುವುದು), ಚರಂಡಿ ಕೆಲಸ ಏನಾದರೂ ಇದೆಯಾ ಅಂತ ಆಗಲೇ ಕೇಳಿ. ಇದ್ದರೆ ಆ ಬದಿಯನ್ನು ಮುಂದಿನ ವರ್ಷಕ್ಕೆ ಬಿಡಿ.

ಅಗೆಯುವ ಮುಂಚೆ ನೆಲದೊಳಗೆ ಏನಿದೆ ಅಂತ ಗೊತ್ತಿರಬೇಕು. ಕಾವೇರಿ ನೀರಿನ ಪೈಪು, ಒಳಚರಂಡಿ, ಬೆಸ್ಕಾಂ ಕೇಬಲ್, ಗ್ಯಾಸ್ ಪೈಪು ಎಲ್ಲ ಫುಟ್‌ಪಾತ್ ಅಡಿಯಲ್ಲೇ ಹೋಗುತ್ತವೆ. ಗ್ಯಾಸ್ ಪೈಪಿನ ಗುರುತುಕಲ್ಲು ಇರುವ ಕಡೆ ಹಾರೆ ಹಾಕಬೇಡಿ. ರಸ್ತೆ ತಿರುವಿನಲ್ಲಿ ನೆಡಬೇಡಿ, ಎದುರಿನ ಗಾಡಿ ಕಾಣಬೇಕು. ಮರದಿಂದ ಮರಕ್ಕೆ ಕನಿಷ್ಠ 20 ಅಡಿ ಅಂತರ ಇರಲಿ. ಗೋಡೆಯಿಂದ ಸಾಧ್ಯವಾದಷ್ಟು ದೂರ ಇರಲಿ. ನಡೆಯುವವರಿಗೂ ಗಾಲಿಕುರ್ಚಿಗೂ ಜಾಗ ಉಳಿಯಲಿ.

ಹೆಜ್ಜೆ 4: ಯಾವ ಮರ?

ಬೀದಿ ತಂಪಾಗಬೇಕು ಅಂದರೆ ಮಾರ್ಚ್‌ನಿಂದ ಮೇವರೆಗೆ ಎಲೆ ತುಂಬಿರುವ ಮರ ಬೇಕು. ಟಬೂಬಿಯಾ ಹೂ ಬಿಟ್ಟಾಗ ಕಣ್ಣಿಗೆ ಹಬ್ಬ, ನಿಜ. ಆದರೆ ಆ ಹೊತ್ತಿಗೆ ಅದರಲ್ಲಿ ಎಲೆ ಇರುವುದಿಲ್ಲ. ಗುಲ್‌ಮೊಹರ್ ಕೊಂಬೆ ಮೆದು, ಗಾಳಿಗೆ ಮುರಿಯುತ್ತದೆ. ಕಿರಿದಾದ ಬೀದಿಗೆ ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ನನ್ನ ಮೊದಲ ಆಯ್ಕೆ ಹೊಂಗೆ. ಯುಗಾದಿ ಹೊತ್ತಿಗೆ ಹಳೇ ಎಲೆ ಉದುರಿಸಿ, ಎಣ್ಣೆ ಹಚ್ಚಿದ ಹಾಗೆ ಮಿನುಗುವ ಎಳೆ ಎಲೆ ಹೊದ್ದು ನಿಲ್ಲುತ್ತದೆ. ಬಿಸಿಲು ಏರುವಷ್ಟರಲ್ಲಿ ನೆರಳು ಸಿದ್ಧ. ನೀರಿನ ಕೊರತೆ ತಡೆಯುತ್ತದೆ, ದನದ ಕಾಟವೂ ಕಡಿಮೆ. ಫುಟ್‌ಪಾತ್ ಚಿಕ್ಕದಿದ್ದರೆ ರಂಜ, ಅಂದರೆ ಬಕುಲ. ನಿಧಾನವಾಗಿ ಬೆಳೆದರೂ ವರ್ಷವಿಡೀ ದಟ್ಟ ಹಸಿರು. ಹೊಳೆದಾಸವಾಳ ಸಾಧಾರಣ ಅಗಲದ ರಸ್ತೆಗೆ ಚೆನ್ನಾಗಿ ಹೊಂದುತ್ತದೆ. ಬೇವು ಗಟ್ಟಿ ಮರ. ಒಂದೇ ಎಚ್ಚರಿಕೆ: ಯುಗಾದಿ ದಿನ ಬೇವುಬೆಲ್ಲಕ್ಕೆ ಅಂತ ಎಲ್ಲರೂ ಎಳೆ ಗಿಡವನ್ನೇ ಮುರಿಯುತ್ತಾರೆ. ಹಿಂದಿನ ದಿನವೇ ದೊಡ್ಡ ಮರದಿಂದ ಒಂದು ಕೊಂಬೆ ತಂದು ಬೀದಿಗೆಲ್ಲ ಹಂಚಿಬಿಡಿ. ನೇರಳೆ ಒಳ್ಳೆಯ ನೆರಳು ಕೊಡುತ್ತದೆ. ಆದರೆ ಜೂನ್‌ನಲ್ಲಿ ಹಣ್ಣು ಬಿದ್ದು ರಸ್ತೆ ಜಾರುತ್ತದೆ, ಬೈಕಿನವರು ಬೀಳುತ್ತಾರೆ. ಅದು ಪಾರ್ಕಿಗೆ, ಶಾಲೆ ಮೈದಾನಕ್ಕೆ ಸರಿ. ಅರಳಿ, ಆಲ, ಅತ್ತಿಗೆ ಕೆರೆ ಏರಿ, ದೇವಸ್ಥಾನದ ಅಂಗಳ, ಗುಂಡುತೋಪು ಇದೆ.

ಕರೆಂಟ್ ತಂತಿ ಕೆಳಗೆ ದೊಡ್ಡ ಮರ ನೆಟ್ಟರೆ ಪ್ರತಿ ವರ್ಷ ಅದರ ತಲೆ ಕತ್ತರಿಸುತ್ತಾರೆ. ಅಲ್ಲಿ ಪಾರಿಜಾತ, ಬಿಳಿ ಮಂದಾರ, ಸೀಬೆ, ಕರಿಬೇವು ಇಂಥ ಗಿಡ್ಡ ಜಾತಿ ಸಾಕು. ತಂತಿ ಇಲ್ಲದ ಎದುರು ಬದಿಗೆ ದೊಡ್ಡದು.

ಎಲ್ಲ ಒಂದೇ ಜಾತಿ ಬೇಡ. ರೋಗ ಬಂದರೆ ಸಾಲುಸಾಲೇ ಹೋಗುತ್ತದೆ. ಸಸಿ ಆರಡಿಗಿಂತ ಎತ್ತರ, ಹೆಬ್ಬೆರಳು ದಪ್ಪದ ಕಾಂಡ ಇರುವುದನ್ನು ಆರಿಸಿ. ಮೊಣಕಾಲೆತ್ತರದ ಸಸಿ ಬೀದಿಯಲ್ಲಿ ಉಳಿಯುವುದು ಕಷ್ಟ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದ ಮುಂಚೆ ಕಡಿಮೆ ಬೆಲೆಗೆ ಸಸಿ ಕೊಡುತ್ತಾರೆ.

ಹೆಜ್ಜೆ 5: ಗುಂಡಿ ಮತ್ತು ನೆಡುವ ದಿನ

ಗುಂಡಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಫುಟ್‌ಪಾತಿನಲ್ಲಿ ಅಷ್ಟು ಸಿಗದಿದ್ದರೆ ಅಗಲ ಎರಡಡಿ ಇರಲಿ, ಆಳ ಕಡಿಮೆ ಮಾಡಬೇಡಿ. ಬೆಂಗಳೂರಿನ ಫುಟ್‌ಪಾತ್ ಅಗೆದರೆ ಮಣ್ಣಿಗಿಂತ ಡೆಬ್ರಿಸ್ ಜಾಸ್ತಿ. ನಮ್ಮ ಒಂದು ಗುಂಡಿಯಲ್ಲಿ ಇಟ್ಟಿಗೆ ಚೂರು, ಟೈಲ್ಸ್, ಸಿಮೆಂಟ್ ಚೀಲ, ಒಂದು ಚಪ್ಪಲಿ ಸಿಕ್ಕಿತು. ಅದನ್ನೇ ವಾಪಸ್ ತುಂಬಿದರೆ ಬೇರು ಎಲ್ಲಿಗೆ ಹೋಗಬೇಕು? ಎಲ್ಲ ತೆಗೆದು ಹೊರಗೆ ಸಾಗಿಸಿ. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ.

ನೆಡುವ ಕಾಲ ಜೂನ್‌ನಿಂದ ಆಗಸ್ಟ್. ಒಂದೆರಡು ಒಳ್ಳೆ ಮಳೆ ಬಿದ್ದು ನೆಲ ಹದವಾಗಿರಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿ ಮಳೆ ಹೆಚ್ಚು. ಅಷ್ಟರೊಳಗೆ ಬೇರು ಹಿಡಿದಿದ್ದರೆ ಗಿಡಕ್ಕೆ ಅದು ಅಮೃತ. ಜೂನ್ 5 ಅನ್ನುವ ತಾರೀಖಿಗೆ ಕಟ್ಟುಬೀಳಬೇಡಿ.

ನೆಡುವ ಬಗೆ ಹೀಗೆ. ಸಸಿಯ ಕವರಿಗೆ ಹಿಂದಿನ ಸಂಜೆ ನೀರು ಹಾಕಿ. ಮಣ್ಣಿನ ಹೆಂಟೆ ಒಡೆಯದ ಹಾಗೆ ಕವರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. ಎಷ್ಟೋ ಕಡೆ ಕವರ್ ಸಮೇತ ಹೂತಿದ್ದನ್ನು ಕಣ್ಣಾರೆ ನೋಡಿದ್ದೇನೆ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಬೆರಳಿನಿಂದ ಬಿಡಿಸಿ, ತೀರಾ ಗಂಟಾದದ್ದನ್ನು ಕತ್ತರಿಸಿ. ಕವರಿನಲ್ಲಿ ಮಣ್ಣು ಕಾಂಡದ ಎಷ್ಟು ಎತ್ತರಕ್ಕೆ ಇತ್ತೋ ಗುಂಡಿಯಲ್ಲೂ ಅಷ್ಟೇ ಇರಲಿ. ಕುತ್ತಿಗೆ ಮುಚ್ಚಿದರೆ ಕಾಂಡ ಕೊಳೆಯುತ್ತದೆ. ಮಣ್ಣು ತುಂಬುತ್ತಾ ಪಾದದಿಂದ ಮೆಲ್ಲಗೆ ಒತ್ತಿ. ಸುತ್ತ ಪಾತಿ ಮಾಡಿ. ಆಸರೆ ಕೋಲು ಕೊಟ್ಟು ತೆಂಗಿನ ನಾರಿನ ಹಗ್ಗದಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿದಿರಿನ ಟ್ರೀ ಗಾರ್ಡ್ ಅವತ್ತೇ ನಿಲ್ಲಬೇಕು. ನಾಳೆ ಅಂದರೆ ರಾತ್ರಿ ದನ ಬರುತ್ತದೆ.

ನೀರು ಹಾಕುವ ಜೋಡಿಯ ಕೈಯಲ್ಲೇ ಮೊದಲ ಮಣ್ಣು ಹಾಕಿಸಿ. ಅತಿಥಿಗಳು ಬಂದರೆ ಅವರೂ ಹಾಕಲಿ, ಆಮೇಲೆ. ಮನೆಯ ಮಕ್ಕಳು ಗಿಡಕ್ಕೆ ಹೆಸರಿಟ್ಟು ತಗಡಿನ ಮೇಲೆ ಬರೆದು ಗಾರ್ಡಿಗೆ ಕಟ್ಟಲಿ. ಗಿಡಕ್ಕೆ ಮೊಳೆ ಹೊಡೆಯಬೇಡಿ.

ಹೆಜ್ಜೆ 6: ನೀರು

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಈ ಊರಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಇವತ್ತು ನಾವು ಓಡಾಡುವ ಎಷ್ಟೋ ರಸ್ತೆಗಳ ನೆರಳು ಆ ಕಾಲದ್ದು. ಪಕ್ಕದ ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿ ಸಾಲುಮರದ ತಿಮ್ಮಕ್ಕ, ಅವರ ಗಂಡ ಚಿಕ್ಕಯ್ಯ ಆಲದ ಗಿಡಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತರು, ಮುಳ್ಳುಬೇಲಿ ಕಟ್ಟಿದರು. ನೆಡುವುದು ಒಂದು ದಿನದ ಕೆಲಸ, ಹೊರುವುದು ವರ್ಷಗಳ ಕೆಲಸ.

ಮಳೆ ನಿಂತ ಡಿಸೆಂಬರ್‌ನಿಂದ ವಾರಕ್ಕೊಮ್ಮೆ, ಫೆಬ್ರವರಿಯಿಂದ ಮೇವರೆಗೆ ವಾರಕ್ಕೆ ಎರಡು ಸಲ, ಸಲಕ್ಕೆ 20 ಲೀಟರ್. ದಿನಾ ಒಂದು ಚೊಂಬು ಹಾಕುವುದರಿಂದ ಉಪಯೋಗ ಇಲ್ಲ. ನೀರು ಮೇಲೇ ಆರಿ, ಬೇರೂ ಮೇಲೇ ಉಳಿಯುತ್ತದೆ. ನಮ್ಮ ಉಪಾಯ ಇದು: ಹಳೇ 20 ಲೀಟರ್ ನೀರಿನ ಕ್ಯಾನಿನ ತಳದ ಬದಿಯಲ್ಲಿ ಬಿಸಿ ಮೊಳೆಯಿಂದ ಒಂದು ತೂತು. ಅದಕ್ಕೆ ಹತ್ತಿಬಟ್ಟೆಯ ಬತ್ತಿ. ಪಾತಿಯಲ್ಲಿ ಇಟ್ಟರೆ ಹನಿ ಹನಿಯಾಗಿ ಗಂಟೆಗಟ್ಟಲೆ ಇಳಿಯುತ್ತದೆ. ಮೇಲೆ ಒಣಗಿದ ಎಲೆ ನಾಲ್ಕು ಇಂಚು ಹಾಸಿ. ಕಾಂಡಕ್ಕೆ ತಾಗದಿರಲಿ.

ನೀರು ಎಲ್ಲಿಂದ? 2024ರ ಬೇಸಗೆಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಬೋರ್‌ವೆಲ್ ಬತ್ತಿದ ಬೀದಿಯಲ್ಲಿ ಕಾವೇರಿ ನೀರು ಗಿಡಕ್ಕೆ ಹಾಕಿ ಅಂತ ಕೇಳುವುದೂ ನ್ಯಾಯವಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಒಂದು ಬಕೆಟ್‌ನಲ್ಲಿ ಕೂಡಿಡಿ. ಎಸಿಯಿಂದ ತೊಟ್ಟಿಕ್ಕುವ ನೀರು ಒಳ್ಳೆಯದು. ಆರ್‌ಒ ಫಿಲ್ಟರ್ ಹೊರಹಾಕುವ ನೀರಿನಲ್ಲಿ ಲವಣ ಜಾಸ್ತಿ, ಬೇರೆ ನೀರಿನ ಜೊತೆ ಬೆರೆಸಿಯೇ ಹಾಕಿ. ಹತ್ತಿರ ದೊಡ್ಡ ಅಪಾರ್ಟ್‌ಮೆಂಟ್ ಇದ್ದರೆ ಅವರ ಶುದ್ಧೀಕರಣ ಘಟಕದ ನೀರು ವಾರಕ್ಕೆ ಒಂದಿಷ್ಟು ಕೇಳಿ. 11 ಗಿಡಕ್ಕೆ ವಾರಕ್ಕೆ ಬೇಕಾದ್ದು 440 ಲೀಟರ್ ಅಷ್ಟೇ.

ಭಾನುವಾರ ಬೆಳಿಗ್ಗೆ ಜೋಡಿಗಳು ತಮ್ಮ ಗಿಡದ ಒಂದು ಫೋಟೊ ಗ್ರೂಪಿಗೆ ಹಾಕಲಿ. ಹಾಕದಿದ್ದರೆ ಬೈಯಬೇಡಿ, ಹೋಗಿ ಮಾತಾಡಿಸಿ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಇರಬಹುದು.

ಜಾಗವೇ ಇಲ್ಲದ ಗಲ್ಲಿಗಳಲ್ಲಿ

ಅತಿ ಹೆಚ್ಚು ಕಾಯುವುದು ಶೀಟಿನ ಮನೆಗಳ ಗಲ್ಲಿಗಳು. ಅಲ್ಲಿ ಫುಟ್‌ಪಾತೇ ಇಲ್ಲ. ಅಂಗನವಾಡಿ ಅಂಗಳ, ಸರ್ಕಾರಿ ಶಾಲೆ, ಬೋರ್‌ವೆಲ್ ಜಾಗ, ಮಾರಮ್ಮನ ಗುಡಿ ಮುಂದೆ ಒಂದೊಂದು ದೊಡ್ಡ ಮರ ಬಂದರೂ ಮಧ್ಯಾಹ್ನ ಕೂರಲು ಜಾಗವಾಗುತ್ತದೆ. ಮನೆ ಗೋಡೆಗೆ ಒತ್ತಿ ನುಗ್ಗೆ ನೆಡಬಹುದು. ಬೇಗ ಬೆಳೆಯುತ್ತದೆ, ಸೊಪ್ಪು, ಕಾಯಿ ಅಡಿಗೆಗೂ ಆಗುತ್ತದೆ. ಶೀಟಿನ ಮೇಲೆ ಹಗ್ಗದ ಚಪ್ಪರ ಕಟ್ಟಿ ಅವರೆ, ಕುಂಬಳ ಬಳ್ಳಿ ಹಬ್ಬಿಸಿದರೂ ಮನೆಯೊಳಗಿನ ಕಾವು ಕಡಿಮೆಯಾಗುತ್ತದೆ. ಆ ಗಲ್ಲಿಯವರು ಏನು ಬೇಕು ಅನ್ನುತ್ತಾರೋ ಅದನ್ನೇ ಕೊಡಿ. ಹೊರಗಿನಿಂದ ಹೋಗಿ ನೀವು ಮರ ಆರಿಸಬೇಡಿ.

ಹೆಜ್ಜೆ 7: ಎರಡನೇ, ಮೂರನೇ ವರ್ಷ

ಮಳೆಗಾಲ ಮುಗಿದಾಗ ಒಮ್ಮೆ, ಬೇಸಗೆಗೆ ಮುಂಚೆ ಒಮ್ಮೆ ಕಟ್ಟಿದ ಹಗ್ಗ ಸಡಿಲ ಮಾಡಿ. ಮರೆತರೆ ಹಗ್ಗ ತೊಗಟೆಯೊಳಗೆ ಹುದುಗಿ ಕುತ್ತಿಗೆ ಹಿಸುಕುತ್ತದೆ. ಗಾರ್ಡಿಗೆ ಬ್ಯಾನರ್ ಕಟ್ಟಿದರೆ ಅವತ್ತೇ ಬಿಚ್ಚಿಸಿ. ಗಣೇಶ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಕಾಂಡಕ್ಕೆ ಸೀರಿಯಲ್ ಸೆಟ್ ಸುತ್ತುವ ಹುಡುಗರಿಗೆ ಮೊದಲೇ ಹೇಳಿ, ಕಂಬಕ್ಕೆ ಸುತ್ತುತ್ತಾರೆ.

ಫುಟ್‌ಪಾತ್ ಕೆಲಸ ಬಂದಾಗ ಜೋಡಿಯಲ್ಲಿ ಒಬ್ಬರು ಅಲ್ಲೇ ನಿಲ್ಲಬೇಕು. ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ಹಾಕದೆ ಮಣ್ಣು ಹಾಗೇ ಬಿಡಲು ಹೇಳಿ. ಕೆಲಸದವರಿಗೆ ಟೀ ಕೊಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದರೆ ಸಾಮಾನ್ಯವಾಗಿ ಬಿಡುತ್ತಾರೆ. ಕಾಂಕ್ರೀಟು ಸುರಿದ ಮೇಲೆ ದೂರು ಕೊಟ್ಟು ಒಡೆಸುವುದು ತಿಂಗಳುಗಳ ಕೆಲಸ. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಯಾರಾದರೂ ಕೊಡಲಿ ತಂದರೆ ಅನುಮತಿ ಪತ್ರ ತೋರಿಸಿ ಅನ್ನಿ. ಪಾಲಿಕೆ ಸಹಾಯವಾಣಿ 1533ಕ್ಕೆ ಫೋನ್ ಮಾಡಿ, ಫೋಟೊ ತೆಗೆದಿಡಿ.

ಸತ್ತ ಗಿಡದ ಜಾಗಕ್ಕೆ ಅದೇ ಮಳೆಗಾಲದಲ್ಲಿ ಹೊಸದು ಬರಲಿ. ಆದರೆ ಅದಕ್ಕೂ ಮೊದಲು ಅದೇ ಬಾಗಿಲಿಗೆ ಹೋಗಿ ಅದೇ ಪ್ರಶ್ನೆ ಕೇಳಿ. ಜೋಡಿ ಬದಲಾಗಬೇಕಿದ್ದರೆ ಬದಲಾಯಿಸಿ.

ಮೂರನೇ ಮಳೆಗಾಲ ಮುಗಿದಾಗ ಕಾಂಡ ಕೈಯಿಂದ ಅಲುಗಿಸಿ ನೋಡಿ. ಬುಡ ಕದಲದಿದ್ದರೆ ಗಾರ್ಡ್ ಬಿಚ್ಚುವ ಸಮಯ. ಬಿದಿರು ಗಟ್ಟಿಯಿದ್ದರೆ ಸುಡಬೇಡಿ, ಕಟ್ಟಿಗೆಗೂ ಕೊಡಬೇಡಿ. ಮುಂದಿನ ಕ್ರಾಸಿನವರಿಗೆ ಕೊಡಿ. ನಮ್ಮ ಹೂವಿನ ಅಜ್ಜಿಯ ಹೊಂಗೆಗೆ ಕಟ್ಟಿದ್ದ ಗಾರ್ಡ್ ಈಗ ಐದನೇ ಕ್ರಾಸಿನ ಟೈಲರ್ ಅಂಗಡಿ ಮುಂದೆ ಒಂದು ರಂಜದ ಸಸಿಯನ್ನು ಕಾಯುತ್ತಿದೆ.